ಟೀನೇಜ್ ಕಾದಂಬರಿಗಳು ಗ್ಯಾಂಗ್ ಹುಡುಗರನ್ನು ಹೀರೋ ಮಾಡುತ್ತವೆಯೇ?

ಎಂಟನೇ ಕ್ಲಾಸಿನ ಮಗನಿಗೆ ಅಮೆರಿಕದ ಗ್ಯಾಂಗ್ ಕಥೆಗಳ ಹುಚ್ಚು ಹಿಡಿದಿದೆ, ಇವು ಹೊಡೆದಾಟವನ್ನೇ ದೊಡ್ಡಸ್ತಿಕೆ ಮಾಡುತ್ತವಾ ಎಂದು ಕೇಳಿದ್ದೀರಿ. ಕಳಪೆ ಪುಸ್ತಕಗಳು ಮಾಡುತ್ತವೆ. ಒಳ್ಳೆಯವುಗಳ ಕಣ್ಣು ಬೇರೆ ಕಡೆ ಇರುತ್ತದೆ: ಮನೆಯಲ್ಲಿ ವಿಚಾರಿಸಿಕೊಳ್ಳುವವರಿಲ್ಲದ ಹುಡುಗನಿಗೆ ಆ ಗುಂಪು ಏನು ಕೊಡುತ್ತದೆ, ಬದಲಿಗೆ ಏನು ಕೇಳುತ್ತದೆ ಅನ್ನುವುದರ ಮೇಲೆ.

‘ದಿ ಔಟ್‌ಸೈಡರ್ಸ್’ ತೆಗೆದುಕೊಳ್ಳಿ. ಬಂದಿದ್ದು 1967ರಲ್ಲಿ. ಬರೆದ ಎಸ್.ಇ. ಹಿಂಟನ್ ಒಕ್ಲಹೋಮಾದ ಟಲ್ಸಾ ಊರಿನವರು, ಬರೆಯುವಾಗ ಇನ್ನೂ ಹೈಸ್ಕೂಲು ಹುಡುಗಿ. ಹುಡುಗಿ ಬರೆದ ಗ್ಯಾಂಗ್ ಕಥೆ ಎಂದರೆ ವಿಮರ್ಶಕರು ಮೂಗು ಮುರಿದಾರು ಅಂತ ಪ್ರಕಾಶಕರು ಬರೀ ಇನಿಶಿಯಲ್ ಹಾಕಿಸಿದರು. ತಲೆಗೆ ಎಣ್ಣೆ ಮೆತ್ತಿಕೊಂಡ ಬಡ ಗ್ರೀಸರ್‌ಗಳು ಒಂದು ಕಡೆ, ಮಸ್ಟಾಂಗ್ ಕಾರಿನ ಶ್ರೀಮಂತ ಸೋಶ್‌ಗಳು ಇನ್ನೊಂದು ಕಡೆ. ಹದಿನಾಲ್ಕರ ಪೋನಿಬಾಯ್‌ಗೆ ಅಪ್ಪ ಅಮ್ಮ ತೀರಿಕೊಂಡಿದ್ದಾರೆ, ಇಬ್ಬರು ಅಣ್ಣಂದಿರೇ ದಿಕ್ಕು. ಗೆಳೆಯ ಜಾನಿಯ ಅಪ್ಪ ಅಮ್ಮ ಇದ್ದೂ ಇಲ್ಲದ ಹಾಗೆ. ಗುಂಪಿನಲ್ಲೇ ಅತಿ ಪುಕ್ಕಲು ಹುಡುಗ ಇವನು.

ಒಂದು ರಾತ್ರಿ ಪಾರ್ಕಿನಲ್ಲಿ ಸೋಶ್ ಹುಡುಗರು ಪೋನಿಬಾಯ್‌ನ ತಲೆಯನ್ನು ಕಾರಂಜಿಯ ನೀರಿನಲ್ಲಿ ಅದುಮಿ ಹಿಡಿಯುತ್ತಾರೆ. ಅವನಿಗೆ ಪ್ರಜ್ಞೆ ತಪ್ಪುತ್ತದೆ. ಕಣ್ಣು ಬಿಟ್ಟಾಗ ಸೋಶ್ ಒಬ್ಬ ಸತ್ತು ಬಿದ್ದಿದ್ದಾನೆ, ಜಾನಿಯ ಕೈಯಲ್ಲಿ ಚಾಕು. ಇರಿದ ಕ್ಷಣವನ್ನು ಹಿಂಟನ್ ತೋರಿಸುವುದೇ ಇಲ್ಲ! ಲಾಂಗು ಮಚ್ಚಿನ ಸಿನಿಮಾ ನೋಡಿ ಬೆಳೆದ ನಮಗೆ ಇದು ವಿಚಿತ್ರ ಅನಿಸುತ್ತೆ, ಅಲ್ವಾ? ಚಪ್ಪಾಳೆ ಹೊಡೆಯುವ ಜಾಗವನ್ನೇ ಕಿತ್ತು ಹಾಕಿದ್ದಾರೆ.

ಆದರೂ ನನಗೊಂದು ತಕರಾರಿದೆ. ಈ ಗ್ಯಾಂಗ್ ತೀರಾ ಮುದ್ದು. ಸೂರ್ಯೋದಯ ನೋಡಿ ರಾಬರ್ಟ್ ಫ್ರಾಸ್ಟ್ ಪದ್ಯ ಹೇಳುತ್ತಾರೆ, ಒಬ್ಬರಿಗೊಬ್ಬರು ಪ್ರಾಣ ಕೊಡುತ್ತಾರೆ. ದಂಧೆಯ ದುಡ್ಡಿನ ಮಾತೇ ಇಲ್ಲ. ಇಂಥ ಗ್ಯಾಂಗ್ ಆದರೆ ನಾನೂ ಸೇರುತ್ತಿದ್ದೆ. ನಿಮಗೆ ಭಯ ಇರಬೇಕಾದ್ದು ಹೊಡೆದಾಟದ ಬಗ್ಗೆ ಅಲ್ಲ, ಈ ಅಕ್ಕರೆಯ ಬಗ್ಗೆ.

ವಾಲ್ಟರ್ ಡೀನ್ ಮೈಯರ್ಸ್ ಅವರ ‘ಮಾನ್‌ಸ್ಟರ್’ (1999) ಈ ಅಕ್ಕರೆಗೆ ಜಾಗವನ್ನೇ ಕೊಡುವುದಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಔಷಧಿ ಅಂಗಡಿಯ ದರೋಡೆಯಲ್ಲಿ ಮಾಲೀಕ ಸಾಯುತ್ತಾನೆ. ಕಾವಲಿಗೆ ನಿಂತಿದ್ದ ಎಂದು ಹದಿನಾರರ ಸ್ಟೀವ್ ಮೇಲೆ ಕೇಸು. ತನ್ನ ವಿಚಾರಣೆಯನ್ನೇ ಅವನು ಚಿತ್ರಕಥೆಯಾಗಿ ಬರೆಯುತ್ತಾನೆ. ಜೊತೆಗಿದ್ದವರು ಕೋರ್ಟಿನಲ್ಲಿ ತಮ್ಮ ತಮ್ಮ ಚರ್ಮ ಉಳಿಸಿಕೊಳ್ಳುವುದು ಹೇಗೆ ಅಂತ ನೋಡುತ್ತಾರೆ, ಅಷ್ಟೆ.

ನನ್ನ ಮೆಚ್ಚಿನದು ಮಾತ್ರ ಜೇಸನ್ ರೆನಾಲ್ಡ್ಸ್ ಅವರ ‘ಲಾಂಗ್ ವೇ ಡೌನ್’ (2017). ಇಡೀ ಕಾದಂಬರಿ ಪದ್ಯದಲ್ಲಿದೆ. ಹದಿನೈದರ ವಿಲ್‌ನ ಅಣ್ಣ ಶಾನ್ ಗುಂಡೇಟಿಗೆ ಸತ್ತಿದ್ದಾನೆ. ಅವರ ಏರಿಯಾದಲ್ಲಿ ಮೂರು ನಿಯಮ: ಅಳಬಾರದು, ಬಾಯಿ ಬಿಡಬಾರದು, ಸೇಡು ತೀರಿಸಬೇಕು. ವಿಲ್ ಅಣ್ಣನ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಲಿಫ್ಟ್ ಹತ್ತುತ್ತಾನೆ. ಕೆಳಗಿಳಿಯುವಾಗ ಒಂದೊಂದು ಮಹಡಿಯಲ್ಲೂ ಸತ್ತವರೊಬ್ಬರು ಒಳಗೆ ಬರುತ್ತಾರೆ. ಅಣ್ಣನಿಗೆ ಪಿಸ್ತೂಲು ಕೊಟ್ಟಿದ್ದ ಬಕ್ ಗುಂಡು ಎಣಿಸು ಅನ್ನುತ್ತಾನೆ. ಒಂದು ಕಡಿಮೆ. ಹಾಗಾದರೆ ಅಣ್ಣ ಯಾರಿಗೆ ಹೊಡೆದಿದ್ದ? ಆಮೇಲೆ ಬರುವವಳು ಡ್ಯಾನಿ, ಚಿಕ್ಕವಳಿದ್ದಾಗಲೇ ಗುಂಡು ತಗುಲಿ ಸತ್ತ ಗೆಳತಿ. ಗುರಿ ತಪ್ಪಿದರೆ ಏನು ಮಾಡ್ತೀಯಾ ಎಂದು ಕೇಳುತ್ತಾಳೆ.

ಭಾಷಣ ಎಲ್ಲೂ ಇಲ್ಲ. ವಿಲ್ ಕೊನೆಗೆ ಏನು ಮಾಡಿದ ಎಂದು ರೆನಾಲ್ಡ್ಸ್ ಹೇಳುವುದೂ ಇಲ್ಲ.

ಹಾಗಾಗಿ ಮಗನ ಕೈಯಿಂದ ಪುಸ್ತಕ ಸುಮ್ನೆ ಕಿತ್ತುಕೊಳ್ಳಬೇಡಿ. ಹಿಂಟನ್ ಮುಗಿಸಿದ್ದರೆ ಇದನ್ನು ಕೊಡಿಸಿ, ಒಂದೇ ಸಂಜೆಗೆ ಮುಗಿಯುತ್ತದೆ. ನೀವೂ ಓದಿ. ಆಮೇಲೆ ವಿಲ್ ಲಿಫ್ಟಿನಿಂದ ಹೊರಗೆ ಹೋದನಾ ಇಲ್ಲವಾ ಅಂತ ಅವನನ್ನೇ ಕೇಳಿ.