ಡಚ್ ಸಮಾಸಪದಗಳನ್ನು ಎಲ್ಲಿ ಬಿಡಿಸಿ ಓದಬೇಕು, ಒತ್ತು ಎಲ್ಲಿ ಬೀಳುತ್ತದೆ?

ಡಚ್‌ನ ಉದ್ದುದ್ದ ಪದಗಳನ್ನು ಎಲ್ಲಿ ಮುರಿಯಬೇಕು, ಯಾವ ತುಂಡನ್ನು ಒತ್ತಿ ಹೇಳಬೇಕು ಅಂತ ಕೇಳಿದ್ದೀರಿ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದ ಹೊಸತರಲ್ಲಿ ನಾನೂ ಇದರಲ್ಲೇ ಒದ್ದಾಡಿದ್ದೇನೆ.

ಎರಡು ಪದ ಎಲ್ಲಿ ಕೂಡಿವೆಯೋ ಅಲ್ಲೇ ಬಿಡಿಸಿ. ಬಾಯಿಗೆ ಸಲೀಸಾದ ಕಡೆ ಅಲ್ಲ. ಒಂದು ಪದ ನೋಡಿ. ಡಚ್ ಅಕ್ಷರಗಳಲ್ಲಿ ಬರೆಯುವುದು ಒಂದೇ ತರ, ಆದರೆ ಡೈಕ್‌ರಂಪ್ ಅಂತ ಓದಿದರೆ ನೀರು ತಡೆಯುವ ಏರಿ ಒಡೆದು ಆಗುವ ಅನಾಹುತ, ಡೈಕ್ರಂಪ್ ಅಂತ ಓದಿದರೆ ತೊಡೆಯ ಸ್ನಾಯು ಹಿಡಿದುಕೊಳ್ಳುವುದು. ನಮ್ಮ ಲಿಪಿಯಲ್ಲಾದರೆ ಒತ್ತಕ್ಷರ ನೋಡಿದ ಕೂಡಲೇ ಗೊತ್ತಾಗುತ್ತದೆ, ಅಲ್ವಾ? ಅದಕ್ಕೇ ಹೊಸ ಪದ ಸಿಕ್ಕಾಗ ನಾನು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ನೀವೂ ಮಾಡಿ ನೋಡಿ.

ನಮಗೆ ಅಡ್ಡ ಬರುವುದು ಸಂಧಿ ಮಾಡುವ ಅಭ್ಯಾಸ. ಊರು, ಅಲ್ಲಿ ಸೇರಿ 'ಊರಲ್ಲಿ' ಆಗುವ ಹಾಗೆ ಡಚ್ಚರು ಬೆಸೆಯುವುದಿಲ್ಲ. ರಾತ್ರಿ ಊಟಕ್ಕೆ ಹೇಳುವ ಪದದಲ್ಲಿ 'ಸಂಜೆ' ಅನ್ನುವ ತುಂಡು ಬರಹದಲ್ಲಿ ಡ್ ಎಂದು ಮುಗಿಯುತ್ತದೆ, ಆದರೂ 'ಆವೊಂಡೇಟನ್' ಅನ್ನಬಾರದು. 'ಆವೊಂಟ್', ಒಂಚೂರು ತಡೆದು, 'ಏಟನ್'. ಒಂಟಿಯಾಗಿದ್ದಾಗ ಕೊನೆಯ ಡ್ ಹೇಗೆ ಟ್ ಆಗುತ್ತದೋ ಸಮಾಸದಲ್ಲೂ ಹಾಗೇ. ಕರವಸ್ತ್ರಕ್ಕೆ ಹೇಳುವ ಪದದಂಥ ಕೆಲವು ಕಡೆ ಉಲ್ಟಾ: ಬರೆಯುವುದು ಝಾಕ್‌ಡೂಕ್, ಹೇಳುವುದು ಝಾಗ್‌ಡೂಕ್. ಮಳೆ, ಕಾಲ ಸೇರಿ ಮಳೆಗಾಲ ಆದಾಗ ಕಕಾರ ಗಕಾರ ಆಗುತ್ತಲ್ಲ, ಅದು ನೆನಪಾಗಿ ನನಗೆ ಆವತ್ತು ತುಂಬಾ ಖುಷಿಯಾಗಿತ್ತು.

ಒತ್ತು ಸಾಮಾನ್ಯವಾಗಿ ಮೊದಲ ಪದಕ್ಕೆ. ಹಾಗಂತ ಅದರ ಮೊದಲ ಸಿಲೆಬಲ್‌ಗೇ ಅಂತಲ್ಲ, ಆ ಪದ ಒಂಟಿಯಾಗಿದ್ದಾಗ ಎಲ್ಲಿ ಒತ್ತು ಇತ್ತೋ ಅಲ್ಲಿಗೆ. ಒಮ್ಮೆ ಬಸ್ ಡ್ರೈವರ್ ಹತ್ತಿರ ಸ್ಟಾಷೊನ್ಸ್‌ಪ್ಲೈನ್, ಅಂದರೆ ಸ್ಟೇಷನ್ ಎದುರಿನ ಚೌಕ, ಹೋಗುತ್ತಾ ಅಂತ ಕೇಳಿದೆ. 'ಪ್ಲೈನ್' ಜೋರಾಗಿ ಹೇಳಿದ್ದೆ. ಮೂರು ಸಲ ಹೇಳಿದರೂ ಅವರಿಗೆ ಅರ್ಥ ಆಗಲಿಲ್ಲ. ಹಿಂದೆ ನಿಂತಿದ್ದ ಅಜ್ಜಿ 'ಷೊನ್ಸ್' ಮೇಲೆ ಒತ್ತು ಹಾಕಿ ಹೇಳಿದ್ದೇ ತಡ, ಡ್ರೈವರ್ ತಲೆಯಾಡಿಸಿದರು. ಎರಡು ಪದಗಳ ನಡುವೆ ಬರುವ ಆ 'ಸ್' ಕೂಡ ಮೊದಲ ತುಂಡಿಗೇ ಸೇರಿದ್ದು, 'ಸ್ಪ್ಲೈನ್' ಅಂತ ಮುಂದಕ್ಕೆ ತಳ್ಳಬೇಡಿ.

ಇದಕ್ಕೆ ಹೊರತಾದವೂ ಇವೆ. ನಗರಸಭೆ ಕಟ್ಟಡಕ್ಕೆ ಸ್ಟಾಟ್‌ಹೌಸ್ ಅನ್ನುತ್ತಾರೆ, ಅಲ್ಲಿ ಒತ್ತು 'ಹೌಸ್' ಮೇಲೆ. ಆಮ್‌ಸ್ಟರ್‌ಡಾಮ್, ರಾಟರ್‌ಡಾಮ್ ಕೂಡ ಹಾಗೇ, ಅಲ್ಲಿನವರು ಒತ್ತುವುದು ಕೊನೆಯ 'ಡಾಮ್' ಅನ್ನು.