ದೇಶಗಳ ಒಪ್ಪಂದದಿಂದ ಏನಾದರೂ ಆಗುತ್ತದಾ? ನನ್ನ ಗ್ಯಾಸ್ ಸಿಲಿಂಡರ್ ಬದಲಾಗಿದ್ದು ಹೀಗೆ

ಪ್ರತಿ ವರ್ಷ ದೇಶಗಳು ಸಭೆ ಸೇರುತ್ತವೆ, ಭೂಮಿ ಬಿಸಿಯಾಗೋದು ಮಾತ್ರ ನಿಂತಿಲ್ಲ, ಇದರಿಂದ ಏನಾದರೂ ಪ್ರಯೋಜನ ಇದೆಯಾ ಎಂದು ಕೇಳಿದ್ದೀರಿ. ಇದೆ. ಇಪ್ಪತ್ತು ವರ್ಷದಿಂದ ಎಸಿ, ಫ್ರಿಜ್ ರಿಪೇರಿ ಮಾಡುತ್ತಿದ್ದೇನೆ. ಒಂದು ಒಪ್ಪಂದದಿಂದ, ಅವಕ್ಕೆ ಗ್ಯಾಸ್ ತುಂಬಲು ನನ್ನ ಕೈಯಲ್ಲಿರುವ ಸಿಲಿಂಡರೇ ಬದಲಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಾನು ಕೆಲಸ ಕಲಿಯುವಾಗ ಹಳೇ ಫ್ರಿಜ್‌ಗಳಲ್ಲಿ ತಂಪು ಮಾಡಲು ಆರ್-12 ಎಂಬ ಗ್ಯಾಸ್ ಇರುತ್ತಿತ್ತು. ಪೈಪು ಕತ್ತರಿಸಿದರೆ ಬುಸ್ ಅಂತ ಗಾಳಿಗೆ ಹೋಗುತ್ತಿತ್ತು. ಹೋಗಲಿ ಬಿಡು ಅನ್ನುತ್ತಿದ್ದೆವು. ಅದು ಮೇಲೆ ಹೋಗಿ, ಬಿಸಿಲಿನ ಕೆಟ್ಟ ಕಿರಣ ತಡೆಯುವ ಓಜೋನ್ ಪದರವನ್ನು ಹಾಳು ಮಾಡುತ್ತಿತ್ತು. ಜೊತೆಗೆ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ ಶಾಖ ಹಿಡಿದಿಡುತ್ತಿತ್ತು. ಈ ಎರಡನೇ ಸಂಗತಿಯನ್ನು 1975ರಲ್ಲಿ ತೋರಿಸಿಕೊಟ್ಟವರು ವಿಜ್ಞಾನಿ ವಿ. ರಾಮನಾಥನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಅದಕ್ಕೂ ಮುಂಚೆ ಸಿಕಂದರಾಬಾದಿನ ಒಂದು ಫ್ರಿಜ್ ಕಂಪನಿಯಲ್ಲಿ, ಗ್ಯಾಸ್ ಯಾಕೆ ಲೀಕ್ ಆಗುತ್ತದೆ ಎಂದು ಹುಡುಕುವ ಕೆಲಸದಲ್ಲಿದ್ದರು. ಸೋಪಿನ ನೊರೆ ಹಚ್ಚಿ ನಾನು ದಿನಾ ಹುಡುಕುವುದೂ ಅದನ್ನೇ. ಇದನ್ನು ಓದಿದ ದಿನ ನನ್ನ ಕೆಲಸದ ಮೇಲೆ ಗೌರವ ಹೆಚ್ಚಾಯಿತು.

1987ರ ಸೆಪ್ಟೆಂಬರ್ 16ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು. ಶ್ರೀಮಂತ ದೇಶಗಳು ಮೊದಲು ಇಂಥ ಗ್ಯಾಸ್ ಬಳಸುವುದನ್ನು ನಿಲ್ಲಿಸಬೇಕು, ನಮ್ಮಂಥ ದೇಶಗಳಿಗೆ ಹೆಚ್ಚು ಸಮಯ. ಕಾರ್ಖಾನೆ ಬದಲಿಸಿಕೊಳ್ಳಲು, ಮೆಕ್ಯಾನಿಕ್‌ಗಳಿಗೆ ಕಲಿಸಲು ಆಮೇಲೆ ಒಂದು ನಿಧಿಯೂ ಬಂತು. ಸೇರದ ದೇಶದ ಜೊತೆ ಈ ಗ್ಯಾಸ್‌ಗಳ ವ್ಯಾಪಾರ ಇಲ್ಲ. ಭಾರತ 1992ರಲ್ಲಿ ಸೇರಿತು. ಕೊನೆಗೆ ಜಗತ್ತಿನ ಎಲ್ಲ ದೇಶಗಳೂ ಸೇರಿದವು. ಆರ್-12 ಅಂಗಡಿಯಿಂದಲೇ ಮಾಯವಾಯಿತು. ಓಜೋನ್ ಈಗ ನಿಧಾನವಾಗಿ ಸುಧಾರಿಸಿಕೊಳ್ಳುತ್ತಿದೆ.

ಆದರೆ ಬದಲಿಗೆ ಬಂದ ಗ್ಯಾಸ್‌ಗಳಲ್ಲೂ ತೊಂದರೆ ಇತ್ತು. ಎಸಿಗಳಲ್ಲಿ ಹಾಕುವ ಆರ್-410ಎ ಓಜೋನ್‌ಗೆ ಏನೂ ಮಾಡುವುದಿಲ್ಲ, ಶಾಖ ಮಾತ್ರ ಕಾರ್ಬನ್ ಡೈಆಕ್ಸೈಡ್‌ನ ಎರಡು ಸಾವಿರ ಪಟ್ಟು ಹಿಡಿಯುತ್ತದೆ. ಹಾಗಾಗಿ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮತ್ತೆ ಕೂತು ಅದೇ ಒಪ್ಪಂದವನ್ನು ತಿದ್ದಿದರು. ಭಾರತ 2032ರಿಂದ ಈ ಗ್ಯಾಸ್‌ಗಳನ್ನು ಕಡಿಮೆ ಮಾಡುತ್ತಾ 2047ಕ್ಕೆ ಶೇ. 85ರಷ್ಟು ಇಳಿಸಬೇಕು. ಎಲ್ಲರೂ ಮಾತಿನಂತೆ ನಡೆದರೆ ಈ ಶತಮಾನದ ಕೊನೆಗೆ ಅರ್ಧ ಡಿಗ್ರಿಯವರೆಗೆ ಬಿಸಿ ತಪ್ಪುತ್ತದೆ. ಇದು ಸಣ್ಣದಲ್ಲ.

ಕಲ್ಲಿದ್ದಲು, ಪೆಟ್ರೋಲ್ ವಿಷಯದಲ್ಲಿ ಇಷ್ಟು ಬೇಗ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಗ್ಯಾಸ್ ಮಾಡುವ ಕಂಪನಿಗಳು ಕೆಲವೇ, ಪೆಟ್ರೋಲ್ ಎಲ್ಲರ ಗಾಡಿಯಲ್ಲೂ ಇದೆ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದುಕೊಳ್ಳುತ್ತದೆ. ಮುಟ್ಟದಿದ್ದರೆ ದಂಡ ಇಲ್ಲ. ನನಗೆ ಬೇಸರ ಇರುವುದು ಅಲ್ಲೇ.

ಒಪ್ಪಂದ ಎಷ್ಟೇ ದೊಡ್ಡದಿರಲಿ, ಕೊನೆಗೆ ಬಂದು ನಿಲ್ಲುವುದು ನಿಮ್ಮ ಬಾಲ್ಕನಿಯಲ್ಲಿ. ಹಳೇ ಒಂದೂವರೆ ಟನ್ ಎಸಿಯಲ್ಲಿ ಸುಮಾರು ಒಂದು ಕೆಜಿ ಆರ್-22 ಎಂಬ ಗ್ಯಾಸ್ ಇರುತ್ತದೆ. ಅದನ್ನು ಸುಮ್ನೆ ಗಾಳಿಗೆ ಬಿಟ್ಟರೆ, ಭೂಮಿ ಬಿಸಿಯಾಗುವ ಲೆಕ್ಕದಲ್ಲಿ 750 ಲೀಟರಿಗೂ ಜಾಸ್ತಿ ಪೆಟ್ರೋಲ್ ಸುಟ್ಟ ಹಾಗೆ. ಮನೆ ಬದಲಿಸುವಾಗ ಎಸಿ ಬಿಚ್ಚಲು ಬಂದವರಿಗೆ ‘ಪಂಪ್ ಡೌನ್ ಮಾಡಿ ಬಿಚ್ಚಿ’ ಎಂದು ಹೇಳಿ. ಎಸಿ ಓಡುತ್ತಿರುವಾಗಲೇ ಔಟ್‌ಡೋರ್ ಯೂನಿಟ್‌ನ ಸಣ್ಣ ವಾಲ್ವ್ ಮುಚ್ಚುತ್ತಾರೆ, ಗ್ಯಾಸೆಲ್ಲ ಯೂನಿಟ್ ಒಳಗೆ ಸೇರಿದ ಮೇಲೆ ದೊಡ್ಡದನ್ನೂ ಮುಚ್ಚುತ್ತಾರೆ. ಐದು ನಿಮಿಷವೂ ಬೇಡ. ‘ಬೇಗ ಬಿಚ್ಚಿ’ ಎಂದು ಅವಸರ ಮಾಡಬೇಡಿ.