ಗೋಶನ್‌ಗೆ ಬರುವ ತಮ್ಮನಿಗೆ

ಅಮೆರಿಕದ ಇಂಡಿಯಾನಾ ರಾಜ್ಯದ ಗೋಶನ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಆದರೆ ಅಲ್ಲಿ ಪಂದ್ಯಕ್ಕೆ ಮುಂಚೆ ರಾಷ್ಟ್ರಗೀತೆ ಹಾಕುವುದಿಲ್ಲವಂತೆ, ಅವರಿಗೆ ದೇಶದ ಮೇಲೆ ಸಿಟ್ಟಾ ಅಕ್ಕಾ ಅಂತ ಕೇಳಿದ್ದೀಯ. ಖಂಡಿತ ಇಲ್ಲ ಕಣೋ.

ಅದು ಮೆನೊನೈಟ್ ಕ್ರೈಸ್ತರು ಕಟ್ಟಿದ ಕಾಲೇಜು. 1894ರಲ್ಲಿ ಪಕ್ಕದ ಎಲ್ಕ್‌ಹಾರ್ಟ್‌ನಲ್ಲಿ ಶುರುವಾಗಿ 1903ರಲ್ಲಿ ಗೋಶನ್‌ಗೆ ಬಂತು. ಆಯುಧ ಹಿಡಿಯಬಾರದು ಅನ್ನುವುದು ಇವರ ಪಂಥದ ಹಳೆಯ ನಂಬಿಕೆ. ಅದಕ್ಕಾಗಿ ಕಷ್ಟವನ್ನೂ ಪಟ್ಟಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಇವರ ಸಾವಿರಾರು ಹುಡುಗರು ಸೈನ್ಯಕ್ಕೆ ಸೇರದೆ ಕಾಡಿನ ಬೆಂಕಿ ಆರಿಸಿದರು, ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡಿಕೊಂಡರು. ಅದೂ ಸಂಬಳವಿಲ್ಲದೆ.

ಅಮೆರಿಕದ ರಾಷ್ಟ್ರಗೀತೆ ಹುಟ್ಟಿದ್ದು 1814ರ ಒಂದು ಕಾಳಗದಲ್ಲಿ. ಅದರ ತುಂಬ ಬಾಂಬು, ರಾಕೆಟ್ಟು. ದೇವರಿಗಿಂತ ದೇಶವನ್ನು ಮೇಲೆ ಇಟ್ಟಂತಾಗುತ್ತದೆ ಅನ್ನುವ ಅಳುಕು ಬೇರೆ. ಹಾಗಾಗಿ ಗೋಶನ್‌ನಲ್ಲಿ ಅದನ್ನು ಹಾಕುತ್ತಿರಲಿಲ್ಲ. 2010ರ ಮಾರ್ಚ್‌ನಲ್ಲಿ, ಹೊರಗಿನಿಂದ ಬರುವವರಿಗೂ ನಮ್ಮದು ಅನ್ನಿಸಲಿ ಅಂತ, ಬರೀ ವಾದ್ಯದಲ್ಲಿ ನುಡಿಸಿದರು. ಜೊತೆಗೆ ಒಂದು ಶಾಂತಿ ಪ್ರಾರ್ಥನೆ. ಹಳೆಯ ವಿದ್ಯಾರ್ಥಿಗಳು ಬಹಳ ನೊಂದುಕೊಂಡರು. 2011ರಲ್ಲಿ ಆಡಳಿತ ಮಂಡಳಿ ಅದನ್ನು ನಿಲ್ಲಿಸಿತು. ಬದಲಿಗೆ ನಾಡಿನ ಚೆಲುವನ್ನು ಹೊಗಳುವ 'ಅಮೆರಿಕ ದ ಬ್ಯೂಟಿಫುಲ್' ಅನ್ನುವ ದೇಶಭಕ್ತಿ ಗೀತೆ ಆರಿಸಿಕೊಂಡರು. ಆಗ ಹೊರಗಿನವರು ಬೈದರು. ಎರಡೂ ಕಡೆಯ ಮಾತು ಕೇಳಿಸಿಕೊಂಡು, ಬೈಸಿಕೊಂಡು, ಆದರೂ ತಮಗೆ ಸರಿ ಅನ್ನಿಸಿದ್ದಕ್ಕೆ ನಿಂತರಲ್ಲ, ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದು ಅದರಿಂದಲೇ.

ಆಟದ ಹುಮ್ಮಸ್ಸಿಗೇನೂ ಕಮ್ಮಿ ಇಲ್ಲ. ತಂಡದ ಹೆಸರು ಮೇಪಲ್ ಲೀಫ್ಸ್. ಸಾಕರ್, ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್ ಎಲ್ಲ ಗೆಲ್ಲಬೇಕು ಅಂತಲೇ ಆಡುತ್ತಾರೆ.

ಇವರಿಗೆ ಶಾಂತಿ ಅಂದರೆ ಸುಮ್ನೆ ಕೂರುವುದಲ್ಲ. 1968ರಿಂದ ಇಲ್ಲಿನ ವಿದ್ಯಾರ್ಥಿಗಳು ಬೇರೆ ದೇಶಕ್ಕೆ ಹೋಗಿ, ಅಲ್ಲಿನ ಒಂದು ಮನೆಯಲ್ಲಿದ್ದು, ಭಾಷೆ ಕಲಿತು, ಊರಿನ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡಿ ಬರುತ್ತಾರೆ. ನಿನಗೂ ಅವಕಾಶ ಸಿಕ್ಕರೆ ಬಿಡಬೇಡ. ಜಗಳ ಬಿಡಿಸುವುದು ಹೇಗೆ, ನ್ಯಾಯ ಕೊಡಿಸುವುದು ಹೇಗೆ ಅನ್ನುವುದನ್ನೇ ಪಾಠವಾಗಿ ಓದುವವರೂ ಇದ್ದಾರೆ.

ಧರ್ಮ ಬದಲಿಸು ಅಂತಾರಾ ಅಂತ ಅಮ್ಮನಿಗೆ ಭಯ ಅಲ್ವಾ? ಬೇರೆ ನಂಬಿಕೆಯವರನ್ನೂ ಅಲ್ಲಿ ಸೇರಿಸಿಕೊಳ್ಳುತ್ತಾರೆ, ಹೆದರಬೇಡಿ ಅಂತ ಹೇಳು. ಪ್ರಾರ್ಥನೆಗೆ ಒಮ್ಮೆ ಹೋಗಿ ಕೂತುಕೋ. ವಾದ್ಯವಿಲ್ಲದೆ ಎಲ್ಲರೂ ಮೇಲಿನ ದನಿ, ಕೆಳಗಿನ ದನಿ ಅಂತ ನಾಲ್ಕು ಬಗೆಯ ದನಿಯಲ್ಲಿ ಸೇರಿ ಹಾಡುತ್ತಾರೆ, ಕೇಳಲೇಬೇಕು.